ಹಿತ್ತಲ ಬಾತುಕೋಳಿಗೆ ಆಹಾರ, ಸುಣ್ಣಾಂಶ: ಯಾರಿಗೆ, ಎಷ್ಟು, ಯಾವಾಗ?

ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಸಿಕ್ಕ ಮೊಟ್ಟೆ, ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಿದ್ದರೆ ಬಾತುಕೋಳಿ ಸಾಕಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಅದನ್ನು ಕಡೆಗಣಿಸುತ್ತಾರೆ, ಇಲ್ಲವೇ ಅಂಗಡಿಯಿಂದ ಕ್ಯಾಲ್ಸಿಯಂ ದ್ರಾವಣ ತಂದು ಗಂಡು, ಹೆಣ್ಣು, ಮರಿ ಎಂಬ ಭೇದವಿಲ್ಲದೆ ಎಲ್ಲಕ್ಕೂ ಕುಡಿಸುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ಮೊಟ್ಟೆಯಿಡುವ ಬಾತಿನ ಪ್ರಾಣಕ್ಕೆ ಅಪಾಯ. ಎರಡನೆಯದರಿಂದ ಮರಿಗಳ ಮೂತ್ರಪಿಂಡಕ್ಕೆ ಅಪಾಯ.

ಬಾತುಕೋಳಿಗೆ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಎಷ್ಟು ಬೇಕೆಂಬುದು ಅದು ಮೊಟ್ಟೆಯಿಡುತ್ತಿದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಈ ಒಂದು ಮಾತು ಮನದಟ್ಟಾದರೆ ಉಳಿದ ಆಹಾರಕ್ರಮ ತಾನಾಗಿಯೇ ಅರ್ಥವಾಗುತ್ತದೆ.

ಗದ್ದೆಯಿಂದ ಕಾಂಪೌಂಡಿಗೆ

ನಮ್ಮ ದೇಶದಲ್ಲಿ ಕೋಳಿಯನ್ನು ಬಿಟ್ಟರೆ ಹೆಚ್ಚಾಗಿ ಸಾಕಲಾಗುವ ಹಕ್ಕಿ ಬಾತು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಬಾತುಗಳ ಹಿಂಡನ್ನು ಮೇಯಿಸುತ್ತಾ ಊರಿಂದೂರಿಗೆ ಸಾಗುವ ಕುಟುಂಬಗಳು ದಕ್ಷಿಣ ಭಾರತದಲ್ಲಿ ಇಂದಿಗೂ ಇವೆ. ಈ ಹಿಂಡುಗಳಿಗೆ ಯಾರೂ ಸುಣ್ಣಾಂಶವನ್ನು ಅಳೆದು ಕೊಡುವುದಿಲ್ಲ. ಉದುರಿದ ಭತ್ತ, ಹುಳುಹುಪ್ಪಟೆ, ಸಣ್ಣ ಮೀನು, ಏಡಿಮರಿ, ಎಲ್ಲಕ್ಕಿಂತ ಹೆಚ್ಚಾಗಿ ಚಿಪ್ಪು ಸಮೇತ ನುಂಗುವ ಬಸವನಹುಳು, ಇವೇ ಅವುಗಳ ಆಹಾರ. ಬಸವನಹುಳುವಿನ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪೂ ಅದೇ.

ಬಾತು ನಗರದ ಕಾಂಪೌಂಡಿಗೆ ಬಂದಾಗ ಈ ಏರ್ಪಾಡು ತಪ್ಪುತ್ತದೆ. ಸಿಮೆಂಟು ಅಂಗಳದಲ್ಲಿ ಬಸವನಹುಳುವಿಲ್ಲ. ಸಿಗುವುದು ಉಳಿದ ಅನ್ನ, ನುಚ್ಚಕ್ಕಿ ಮತ್ತು ಬ್ರೆಡ್ಡಿನ ತುಂಡು. ಇತ್ತ ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳ ಇಳುವರಿ ಗದ್ದೆಯ ನಾಟಿ ಬಾತಿಗಿಂತ ಬಹಳ ಹೆಚ್ಚು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತ್ಯದ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರೂಪಿಸಿದ ಖಾಕಿ ಕ್ಯಾಂಪ್‌ಬೆಲ್ ತಳಿ, ಉತ್ತಮ ಪೋಷಣೆಯಲ್ಲಿ ವರ್ಷಕ್ಕೆ 250ರಿಂದ 300 ಮೊಟ್ಟೆ ಇಡಬಲ್ಲುದು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯು ಈ ತಳಿಯನ್ನು ಸಾಕಿ ಮರಿಗಳನ್ನು ವಿತರಿಸಿದ್ದರಿಂದ ನಮ್ಮ ರಾಜ್ಯದವರಿಗೂ ಇದು ಪರಿಚಿತ. ಹೀಗೆ ಬೇಡಿಕೆ ಹೆಚ್ಚಿ ಒದಗಣೆ ಕುಗ್ಗಿದೆ. ಈ ಕೊರತೆಯನ್ನು ಸಾಕುವವರೇ ತುಂಬಬೇಕು.

ಒಂದು ಮೊಟ್ಟೆಯ ಲೆಕ್ಕ

ಸಾಧಾರಣ ಬಾತಿನ ಮೊಟ್ಟೆ 70 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಚಿಪ್ಪಿನ ತೂಕ 7 ಗ್ರಾಮಿಗಿಂತ ತುಸು ಹೆಚ್ಚು. ಚಿಪ್ಪಿನ ಶೇ. 94ರಷ್ಟು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಶೇ. 40 ಕ್ಯಾಲ್ಸಿಯಂ. ಅಂದರೆ ಪ್ರತಿ ಮೊಟ್ಟೆಯೊಂದಿಗೆ ಸುಮಾರು 2.8 ಗ್ರಾಂ ಕ್ಯಾಲ್ಸಿಯಂ ದೇಹದಿಂದ ಹೊರಹೋಗುತ್ತದೆ. ವರ್ಷಕ್ಕೆ 250 ಮೊಟ್ಟೆಯಾದರೆ ಅದು 700 ಗ್ರಾಂ. ಎರಡು ಕಿಲೋ ತೂಗುವ ಹಕ್ಕಿಗೆ ಇದು ಸಣ್ಣ ಹೊರೆಯಲ್ಲ.

ತಿಂದ ಕ್ಯಾಲ್ಸಿಯಂ ಎಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಹೀರಲ್ಪಡುತ್ತದೆ. ಆದ್ದರಿಂದ ಮೊಟ್ಟೆಯಿಡುವ ಬಾತಿಗೆ ದಿನವೊಂದಕ್ಕೆ ಸುಮಾರು 5 ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಬೀಳಬೇಕು. ಈ ಬಾತು ದಿನಕ್ಕೆ ತಿನ್ನುವ ಆಹಾರ ಸುಮಾರು 150 ಗ್ರಾಂ. ಅದರಲ್ಲಿ ಶೇ. 3ರಷ್ಟು ಕ್ಯಾಲ್ಸಿಯಂ ಇದ್ದರೆ 4.5 ಗ್ರಾಂ ದೊರೆಯುತ್ತದೆ. ಉಳಿದದ್ದನ್ನು ಚಿಪ್ಪಿನ ಚೂರಿನಿಂದ ತುಂಬಬಹುದು.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಪರಿಶೀಲಿಸಬೇಕು. ರಾಗಿಯಲ್ಲಿ ಸುಣ್ಣಾಂಶ ಹೇರಳವಾಗಿದೆಯೆಂಬುದು ನಿಜ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಮಾತ್ರ. ಬಾತು ದಿನವಿಡೀ ರಾಗಿಯನ್ನೇ ತಿಂದರೂ ಅದಕ್ಕೆ ದಕ್ಕುವುದು ಅರ್ಧ ಗ್ರಾಮಿನಷ್ಟು, ಅಂದರೆ ಅಗತ್ಯದ ಹತ್ತನೇ ಒಂದು ಪಾಲು. ಅಕ್ಕಿಯಲ್ಲಂತೂ ಅದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮನುಷ್ಯರ ಮೂಳೆಗೆ ಸಾಕೆನಿಸುವ ಆಹಾರ ಮೊಟ್ಟೆಯ ಚಿಪ್ಪಿಗೆ ಸಾಲದು.

ಕೊರತೆಯಾದಾಗ ಏನಾಗುತ್ತದೆ?

ಆಹಾರದಲ್ಲಿ ಕ್ಯಾಲ್ಸಿಯಂ ಸಿಗದಿದ್ದರೂ ಬಾತು ಕೂಡಲೇ ಮೊಟ್ಟೆ ನಿಲ್ಲಿಸುವುದಿಲ್ಲ. ಮೊಟ್ಟೆಯಿಡುವ ಹಕ್ಕಿಗಳ ಕೆಲವು ಎಲುಬುಗಳ ಒಳಗೆ ಕ್ಯಾಲ್ಸಿಯಮಿನ ತಾತ್ಕಾಲಿಕ ದಾಸ್ತಾನೊಂದು ಇರುತ್ತದೆ. ರಾತ್ರಿ ಹೊಟ್ಟೆ ಬರಿದಾದಾಗ ದೇಹ ಅಲ್ಲಿಂದ ಸಾಲ ಪಡೆದು, ಹಗಲಿನ ಆಹಾರದಿಂದ ತೀರಿಸುತ್ತದೆ. ಸಾಲ ತೀರದೇ ಹೋದರೆ ಎಲುಬೇ ಸವೆಯುತ್ತದೆ. ಚಿಪ್ಪು ತೆಳುವಾಗುವುದು, ಒರಟಾಗುವುದು, ಚಿಪ್ಪಿಲ್ಲದೆ ಬರೀ ಪೊರೆಯ ಮೊಟ್ಟೆ ಬೀಳುವುದು ಮೊದಲ ಸೂಚನೆಗಳು. ಬಳಿಕ ಬಾತು ಕುಂಟುತ್ತದೆ, ಹೆಚ್ಚು ಹೊತ್ತು ಕುಳಿತೇ ಇರುತ್ತದೆ. ಎಲುಬು ಸುಲಭವಾಗಿ ಮುರಿಯುತ್ತದೆ.

ಅತ್ಯಂತ ಅಪಾಯಕಾರಿಯಾದುದು ಮೊಟ್ಟೆ ಸಿಕ್ಕಿಕೊಳ್ಳುವುದು. ಸ್ನಾಯುಗಳು ಸಂಕುಚಿಸಲೂ ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದಾಗ ಮೊಟ್ಟೆಯನ್ನು ಹೊರದೂಡುವ ಶಕ್ತಿಯೇ ಕುಂದುತ್ತದೆ. ಬಾತು ಮೇವು ಬಿಟ್ಟು, ಮೈಯನ್ನು ನೆಟ್ಟಗೆ ನಿಲ್ಲಿಸಿ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಮತ್ತೆ ಮತ್ತೆ ಮುಕ್ಕುತ್ತಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಒಳಗಿನ ಮೊಟ್ಟೆಯನ್ನು ಒತ್ತಿ ಒಡೆಯುವ ಪ್ರಯತ್ನ ಸಲ್ಲದು. ಚೂರುಗಳು ಒಳಗೆ ಗಾಯಮಾಡಿ ಸೋಂಕಿಗೆ ಕಾರಣವಾಗುತ್ತವೆ.

ಹೆಚ್ಚಾದರೂ ಕೇಡು

ಬೆಳೆಯುವ ಮರಿಗೆ ಆಹಾರದಲ್ಲಿ ಬೇಕಾದುದು ಶೇ. 1ರ ಒಳಗಿನ ಕ್ಯಾಲ್ಸಿಯಂ ಮಾತ್ರ. ಮೊಟ್ಟೆಯಿಡುವ ಬಾತಿನ ಆಹಾರದಲ್ಲಿ ಇದರ ಮೂರು ನಾಲ್ಕು ಪಟ್ಟು ಇರುತ್ತದೆ. ಅದನ್ನೇ ವಾರಗಟ್ಟಲೆ ಮರಿಗೆ ತಿನ್ನಿಸಿದರೆ ಹೆಚ್ಚುವರಿ ಕ್ಯಾಲ್ಸಿಯಮನ್ನು ಹೊರಹಾಕುವ ಭಾರ ಎಳೆಯ ಮೂತ್ರಪಿಂಡದ ಮೇಲೆ ಬೀಳುತ್ತದೆ. ಮೂತ್ರಪಿಂಡ ಕೆಟ್ಟಾಗ ಯೂರಿಕ್ ಆಮ್ಲವು ಸುಣ್ಣದ ಪುಡಿಯಂತೆ ಒಳಾಂಗಗಳ ಮೇಲೆ ಶೇಖರವಾಗಿ ಮರಿ ಸಾಯುತ್ತದೆ. ಗಂಡು ಬಾತಿಗೂ ಮೊಟ್ಟೆ ನಿಲ್ಲಿಸಿದ ಹೆಣ್ಣಿಗೂ ದೀರ್ಘಕಾಲ ಇಂಥ ಆಹಾರ ಹಿತವಲ್ಲ.

ಇನ್ನೊಂದು ತಪ್ಪು ಮರಿಯ ಕಾಲಿನ ವಿಷಯದಲ್ಲಿ ನಡೆಯುತ್ತದೆ. ಮರಿಯ ಕಾಲು ಸೊಟ್ಟಗಾದೊಡನೆ ಕ್ಯಾಲ್ಸಿಯಂ ಕೊಡುವವರೇ ಹೆಚ್ಚು. ಆದರೆ ಬಾತಿನ ಮರಿಗಳಲ್ಲಿ ಕಾಲು ಬಾಗುವುದಕ್ಕೂ ಮಂಡಿಯಂತೆ ಕಾಣುವ ಹಿಂಗಾಲಿನ ಕೀಲು ಊದುವುದಕ್ಕೂ ಸಾಮಾನ್ಯ ಕಾರಣ ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ. ಬಾತಿನ ಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಿಯಾಸಿನ್ ಬೇಕು. ಇದು ಕೋಳಿಮರಿಯ ಅಗತ್ಯಕ್ಕಿಂತ ಬಹಳ ಹೆಚ್ಚು. ಕೋಳಿಮರಿಗೆಂದು ತಯಾರಿಸಿದ ಚಿಕ್ ಮ್ಯಾಶ್ ಕೊಡುವವರು ಅದಕ್ಕೆ ಬ್ರೂವರ್ಸ್ ಈಸ್ಟ್ ಬೆರೆಸಬೇಕು, ಇಲ್ಲವೇ ವೈದ್ಯರ ಸಲಹೆಯಂತೆ ನಿಯಾಸಿನ್ ನೀಡಬೇಕು. ಬೇಗ ಗುರುತಿಸಿದರೆ ಕಾಲು ಸುಧಾರಿಸುತ್ತದೆ. ತಡವಾದರೆ ಊನ ಶಾಶ್ವತ.

ವಯಸ್ಸಿಗೆ ತಕ್ಕ ಆಹಾರ

* ಮೊದಲ 3 ವಾರ: ಶೇ. 20ರಿಂದ 22 ಸಸಾರಜನಕವಿರುವ ಮರಿ ಆಹಾರ. ಕ್ಯಾಲ್ಸಿಯಂ ಶೇ. 1 ಮೀರಬಾರದು. ಹಗಲಿಡೀ ತಟ್ಟೆಯಲ್ಲಿ ಆಹಾರವಿರಲಿ.

* 4ನೇ ವಾರದಿಂದ ಮೊಟ್ಟೆಯಿಡುವವರೆಗೆ: ಶೇ. 16ರ ಆಸುಪಾಸು ಸಸಾರಜನಕವಿರುವ ಗ್ರೋವರ್ ಮ್ಯಾಶ್. ಕ್ಯಾಲ್ಸಿಯಂ ಆಗಲೂ ಶೇ. 1ರ ಮಟ್ಟದಲ್ಲೇ ಇರಬೇಕು. 8 ವಾರಗಳ ನಂತರ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆಯ ಮುನ್ನ, ಕೊಟ್ಟರೆ ಸಾಕು.

* ಮೊಟ್ಟೆಯಿಡುವ ಕಾಲ: ಖಾಕಿ ಕ್ಯಾಂಪ್‌ಬೆಲ್ ಸುಮಾರು 20 ವಾರಗಳಿಗೆ ಮೊಟ್ಟೆಯಿಡಲಾರಂಭಿಸುತ್ತದೆ. ಆಗ ಶೇ. 16ರಿಂದ 18 ಸಸಾರಜನಕ ಮತ್ತು ಶೇ. 3ರಷ್ಟು ಕ್ಯಾಲ್ಸಿಯಂ ಇರುವ ಲೇಯರ್ ಮ್ಯಾಶ್‌ಗೆ ಒಂದು ವಾರದಲ್ಲಿ ಕ್ರಮೇಣ ಬದಲಾಯಿಸಬೇಕು.

* ಗರಿ ಉದುರಿಸುವ ಕಾಲ: ಮೊಟ್ಟೆ ನಿಂತಾಗ ಮತ್ತೆ ಗ್ರೋವರ್ ಮ್ಯಾಶ್‌ಗೆ ಮರಳುವುದು ಒಳ್ಳೆಯದು. ಹೊಸ ಗರಿಗೆ ಬೇಕಾದುದು ಸಸಾರಜನಕ, ಸುಣ್ಣಾಂಶವಲ್ಲ.

ಹಿತ್ತಲಲ್ಲಿ ಗಂಡು, ಹೆಣ್ಣು, ಮರಿ ಎಲ್ಲವೂ ಒಟ್ಟಿಗಿದ್ದರೆ ಪ್ರತ್ಯೇಕ ಅಡುಗೆ ಕಷ್ಟ. ಅಂಥ ಕಡೆ ಎಳೆಯ ಮರಿಗಳನ್ನು ಬೇರ್ಪಡಿಸಿ, ಉಳಿದ ಎಲ್ಲಕ್ಕೂ ಗ್ರೋವರ್ ಮ್ಯಾಶ್ ಹಾಕಿ, ಚಿಪ್ಪಿನ ಚೂರನ್ನು ಬೇರೆ ಬಟ್ಟಲಿನಲ್ಲಿ ಇಡುವುದು ಸುರಕ್ಷಿತ. ಮೊಟ್ಟೆಯಿಡುವ ಹೆಣ್ಣು ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಗಂಡು ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುವುದಿಲ್ಲ. ಈ ಪದ್ಧತಿಯಲ್ಲಿ ಒಂದು ಹೆಣ್ಣು ದಿನಕ್ಕೆ 8ರಿಂದ 10 ಗ್ರಾಂ ಚೂರು ತಿನ್ನಬಹುದು. ಅದನ್ನು ಮ್ಯಾಶ್‌ನಲ್ಲಿ ಬೆರೆಸಿ ಎಲ್ಲಕ್ಕೂ ಬಲವಂತವಾಗಿ ತಿನ್ನಿಸಬಾರದು.

ಸುಣ್ಣಾಂಶದ ಮೂಲಗಳು

ಶೆಲ್ ಗ್ರಿಟ್: ಕೋಳಿ ಆಹಾರದ ಅಂಗಡಿಗಳಲ್ಲಿ ಈ ಹೆಸರಿನಿಂದ ಸಿಗುವ ಸಮುದ್ರ ಚಿಪ್ಪಿನ ಚೂರೇ ಹಿತ್ತಲಿಗೆ ಅತ್ಯುತ್ತಮ. ಇದರಲ್ಲಿ ಕ್ಯಾಲ್ಸಿಯಂ ಶೇ. 38ರಷ್ಟು. ಪುಡಿಗಿಂತ 2ರಿಂದ 4 ಮಿಲಿಮೀಟರ್ ಗಾತ್ರದ ಚೂರು ಮೇಲು. ಮೊಟ್ಟೆಯ ಚಿಪ್ಪು ಕಟ್ಟಲು 18ರಿಂದ 20 ಗಂಟೆ ಹಿಡಿಯುತ್ತದೆ, ಅದರ ಹೆಚ್ಚಿನ ಭಾಗ ರಾತ್ರಿಯಲ್ಲಿ ನಡೆಯುತ್ತದೆ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ಆ ಹೊತ್ತಿಗೆ ಒದಗುತ್ತದೆ. ಪುಡಿ ಬೇಗ ಸಾಗಿಹೋಗುತ್ತದೆ. ಆದ್ದರಿಂದ ಸಂಜೆಯ ಮೇವಿನ ವೇಳೆ ಶೆಲ್ ಗ್ರಿಟ್ ಬಟ್ಟಲು ತುಂಬಿರುವಂತೆ ನೋಡಿಕೊಳ್ಳಬೇಕು.

ಸುಣ್ಣದ ಕಲ್ಲಿನ ಚೂರು: ಇದರ ಕ್ಯಾಲ್ಸಿಯಂ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ, ಬೆಲೆ ಕಡಿಮೆ. ಕುಕ್ಕುಟ ಆಹಾರಕ್ಕೆಂದೇ ಮಾರುವುದನ್ನು ಕೊಳ್ಳಬೇಕು. ಕಟ್ಟಡ ಕೆಲಸದ ಪುಡಿ ಬೇಡ.

ಮೊಟ್ಟೆಯ ಚಿಪ್ಪು: ಖರ್ಚಿಲ್ಲದ ಮೂಲ. ಒಳಗಿನ ಲೋಳೆ ಹೋಗುವಂತೆ ತೊಳೆದು, ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿ, ಚೂರು ಮಾಡಿ ಕೊಡಬಹುದು. ಕುದಿಸದಿದ್ದರೆ ಸಾಲ್ಮೊನೆಲ್ಲಾದಂಥ ರೋಗಾಣು ಹರಡುವ ಸಂಭವವಿದೆ. ಅರ್ಧ ಚಿಪ್ಪನ್ನು ಹಾಗೆಯೇ ಎಸೆದರೆ ಬಾತುಗಳು ತಮ್ಮ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಾಳಿ ಕಲಿಯಬಹುದು.

ಎಲೆಯಡಿಕೆ ಸುಣ್ಣ: ಇದನ್ನು ಯಾವ ಕಾರಣಕ್ಕೂ ಕೊಡಬಾರದು. ಸುಣ್ಣದ ಕಲ್ಲು, ಚಿಪ್ಪು ಸುಡದಿರುವವರೆಗೆ ನಿರಪಾಯ. ಭಟ್ಟಿಯಲ್ಲಿ ಸುಟ್ಟು ನೀರಿನಲ್ಲಿ ಅರಳಿಸಿದಾಗ ಅದು ಬಾಯಿ, ಅನ್ನನಾಳಗಳನ್ನು ಸುಡುವ ತೀಕ್ಷ್ಣ ಕ್ಷಾರವಾಗುತ್ತದೆ. ಗೋಡೆಗೆ ಬಳಿಯುವ ಸುಣ್ಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಡಿಸಿಪಿ ಮತ್ತು ಖನಿಜ ಮಿಶ್ರಣ: ಡಿಸಿಪಿ ಎಂಬ ಡೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಕ್ಯಾಲ್ಸಿಯಮಿನೊಂದಿಗೆ ರಂಜಕವೂ ಸಾಕಷ್ಟಿರುತ್ತದೆ. ಅದು ಆಹಾರ ತಯಾರಿಸುವವರು ಲೆಕ್ಕ ಹಾಕಿ ಬಳಸುವ ವಸ್ತು. ಶೆಲ್ ಗ್ರಿಟ್‌ಗೆ ಬದಲಿಯಲ್ಲ. ದನಕರುಗಳ ಖನಿಜ ಮಿಶ್ರಣವನ್ನು ಅಂದಾಜಿನಲ್ಲಿ ಬೆರೆಸುವುದೂ ಸರಿಯಲ್ಲ.

ಕ್ಯಾಲ್ಸಿಯಂ ದ್ರಾವಣ: ತುರ್ತು ಸಂದರ್ಭದಲ್ಲಿ ವೈದ್ಯರ ಸೂಚನೆಯಂತೆ ಬಳಸುವ ಔಷಧವಿದು, ದಿನನಿತ್ಯದ ಆಹಾರವಲ್ಲ. ಕುಡಿಯುವ ನೀರಿಗೆ ಬೆರೆಸಿದರೆ ಬೇಕಾದ ಬಾತಿಗೂ ಬೇಡವಾದ ಬಾತಿಗೂ ಒಂದೇ ಪ್ರಮಾಣ ಹೋಗುತ್ತದೆ.

ಕಾಳು ಅರೆಯಲು ನುಂಗುವ ಹರಳುಗಲ್ಲು ಬೇರೆ, ಶೆಲ್ ಗ್ರಿಟ್ ಬೇರೆ ಎಂಬುದನ್ನೂ ಮರೆಯಬಾರದು. ಹರಳು ಕರಗುವುದಿಲ್ಲ, ಸುಣ್ಣಾಂಶ ನೀಡುವುದಿಲ್ಲ. ಭತ್ತ, ಜೋಳದಂಥ ಇಡೀ ಕಾಳು ಕೊಡುವ ಮನೆಗಳಲ್ಲಿ, ಮಣ್ಣಿನಲ್ಲಿ ಕೆದಕಲು ಅವಕಾಶವಿಲ್ಲದ ಬಾತುಗಳಿಗೆ ಎರಡನ್ನೂ ಇಡಬೇಕು.

ಸುಣ್ಣಾಂಶ ಇದ್ದೂ ಚಿಪ್ಪು ತೆಳುವೇ?

ಬಟ್ಟಲು ತುಂಬ ಶೆಲ್ ಗ್ರಿಟ್ ಇದ್ದರೂ ಮೊಟ್ಟೆ ಮೆತ್ತಗೆ ಬರುವುದುಂಟು. ಆಗ ಬೇರೆ ಕಾರಣಗಳನ್ನು ಹುಡುಕಬೇಕು.

ಮೊದಲನೆಯದು ಡಿ3 ಜೀವಸತ್ವ. ಇದಿಲ್ಲದೆ ಕರುಳು ಕ್ಯಾಲ್ಸಿಯಮನ್ನು ಹೀರಲಾರದು. ಬಿಸಿಲು ಮೈಗೆ ಬಿದ್ದರೆ ಹಕ್ಕಿಯ ದೇಹ ಅದನ್ನು ತಯಾರಿಸಿಕೊಳ್ಳುತ್ತದೆ. ಎತ್ತರದ ಕಟ್ಟಡಗಳ ನಡುವಿನ ನೆರಳಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಬೆಳೆಯುವ ಬಾತಿಗೆ ಆಹಾರದ ಮೂಲಕವೇ ಒದಗಿಸಬೇಕು. ಎರಡನೆಯದು ರಂಜಕದ ಸಮತೋಲ. ಬರೀ ತೌಡಿನ ಮೇಲೆ ಸಾಕಿದರೆ ಇದು ಏರುಪೇರಾಗುತ್ತದೆ. ತೌಡಿನಲ್ಲಿರುವ ರಂಜಕದ ಬಹುಭಾಗ ಹಕ್ಕಿಗೆ ದಕ್ಕದ ರೂಪದಲ್ಲಿದ್ದು ಕ್ಯಾಲ್ಸಿಯಮನ್ನೂ ಹಿಡಿದಿಡುತ್ತದೆ. ಪಾಲಕ್ ಮತ್ತು ಹರಿವೆಯಲ್ಲಿರುವ ಆಕ್ಸಾಲಿಕ್ ಆಮ್ಲವೂ ಹೀಗೆಯೇ ಮಾಡುವುದರಿಂದ ಆ ಸೊಪ್ಪುಗಳು ಮಿತವಾಗಿರಲಿ.

ಮೂರನೆಯದು ಬೇಸಿಗೆ. ಸೆಖೆಗೆ ಬಾತು ಬಾಯಿ ತೆರೆದು ಏದುಸಿರು ಬಿಟ್ಟಾಗ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ, ಮೇವೂ ತಗ್ಗುತ್ತದೆ. ನೆರಳು, ತಣ್ಣೀರು ಮತ್ತು ಮುಂಜಾನೆಯ ಮೇವು ಇದಕ್ಕೆ ಪರಿಹಾರ. ರಾತ್ರಿ ನಾಯಿಗಳ ಕಾಟದಿಂದ ಬೆದರಿದರೂ ಮೊಟ್ಟೆ ಅಪೂರ್ಣವಾಗಿ ಬೀಳಬಹುದು. ಹೊಸದಾಗಿ ಮೊಟ್ಟೆಯಿಡುವ ಬಾತಿನ ಮೊದಲ ಒಂದೆರಡು ಮೊಟ್ಟೆಗಳು ಹಾಗಿದ್ದರೆ ಗಾಬರಿ ಬೇಡ. ಒಂದು ವಾರ ದಾಟಿದರೂ ಸರಿಹೋಗದಿದ್ದರೆ ರೋಗದ ಶಂಕೆಯಿಂದ ತಪಾಸಣೆ ಮಾಡಿಸಬೇಕು.

ನೀರಿಲ್ಲದೆ ಮೇವಿಲ್ಲ

ಬಾತಿಗೆ ನೀರಿಲ್ಲದೆ ಆಹಾರ ಕೊಡಬಾರದು. ನುಣ್ಣನೆಯ ಒಣ ಮ್ಯಾಶ್ ಕೊಕ್ಕಿಗೆ ಮೆತ್ತಿ ಗಂಟಲಿಗೆ ಅಡರುತ್ತದೆ. ಸ್ವಲ್ಪ ನೀರು ಚಿಮುಕಿಸಿ ಪುಡಿಪುಡಿಯಾಗಿ ಕಲಸಿದ ಮ್ಯಾಶ್ ಅಥವಾ ಪೆಲೆಟ್ ಉತ್ತಮ. ಕಲಸಿದ್ದನ್ನು ಒಂದೆರಡು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಉಳಿದುದನ್ನು ತೆಗೆದು ತೊಳೆಯಬೇಕು. ನೀರಿನ ಪಾತ್ರೆ ತಲೆ ಪೂರ್ತಿ ಮುಳುಗುವಷ್ಟು ಆಳವಿದ್ದರೆ ಬಾತು ಕಣ್ಣು, ಮೂಗಿನ ಹೊಳ್ಳೆಗಳನ್ನು ತೊಳೆದುಕೊಳ್ಳುತ್ತದೆ. ಈಜುಕೊಳ ಕಡ್ಡಾಯವಲ್ಲ. ಎಳೆಯ ಮರಿಗಳಿಗೆ ಮಾತ್ರ, ಒಳಗಿಳಿದು ಮುಳುಗಲಾಗದ ಪಾತ್ರೆ ಇರಲಿ.

ಬೂಷ್ಟು ಹಿಡಿದ ಮೇವು ಬಾತಿಗೆ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳೂ ಬಾತಿನ ಮರಿಗಳೂ ಸತ್ತಾಗ ನಡೆದ ಶೋಧನೆಯಿಂದಲೇ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಸಾಕುಹಕ್ಕಿಗಳಲ್ಲಿ ಬಾತಿನ ಮರಿ ಅದಕ್ಕೆ ಬಹುಬೇಗ ಬಲಿಯಾಗುತ್ತದೆ. ಮಳೆಗಾಲದಲ್ಲಿ ಕಡಲೆಕಾಯಿ ಹಿಂಡಿ ಮತ್ತು ಮುಸುಕಿನ ಜೋಳದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಮೇವು ತಂದು, ನೆಲದಿಂದ ಎತ್ತರದಲ್ಲಿ, ಮುಚ್ಚಳವಿರುವ ಡಬ್ಬದಲ್ಲಿ ಇಡಬೇಕು.

ಅಡುಗೆಮನೆಯಿಂದ ಸೊಪ್ಪು, ಸೌತೆಕಾಯಿ, ಬೇಯಿಸಿದ ಬಟಾಣಿ ಕೊಡಬಹುದು. ನುಗ್ಗೆಸೊಪ್ಪು ಮತ್ತು ಅಜೋಲಾ ಇನ್ನೂ ಒಳ್ಳೆಯವು. ಆದರೆ ಇವೆಲ್ಲ ಸೇರಿ ಒಟ್ಟು ಮೇವಿನ ಹತ್ತನೇ ಒಂದು ಪಾಲು ಮೀರದಿರಲಿ. ಬ್ರೆಡ್, ಕರಿದ ತಿಂಡಿ, ಉಪ್ಪಿನಲ್ಲಿ ಒಣಗಿಸಿದ ಮೀನು ಬೇಡ. ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ಹಕ್ಕಿಗಳಿಗೆ ವಿಷಕಾರಿ.

ದಿನಚರಿ ಹೀಗಿರಲಿ

ಬಾತು ಸಾಮಾನ್ಯವಾಗಿ ನಸುಕಿನಲ್ಲಿ ಮೊಟ್ಟೆಯಿಡುತ್ತದೆ. 9 ಗಂಟೆಯವರೆಗೆ ಗೂಡಿನಲ್ಲೇ ಬಿಟ್ಟರೆ ಮೊಟ್ಟೆಗಳು ಅಲ್ಲೇ ಸಿಗುತ್ತವೆ, ಚಿಪ್ಪು ಹೇಗಿದೆಯೆಂದು ದಿನವೂ ನೋಡಲು ಅನುಕೂಲ. ಐದು ಬಾತುಗಳಿದ್ದರೆ ದಿನಕ್ಕೆ ಸುಮಾರು 750 ಗ್ರಾಂ ಮೇವನ್ನು ಎರಡು ಪಾಲು ಮಾಡಿ ಬೆಳಿಗ್ಗೆ ಮತ್ತು ಸಂಜೆ ಕೊಡಬೇಕು. ಸಂಜೆಯ ಮೇವಿನೊಂದಿಗೆ ಶೆಲ್ ಗ್ರಿಟ್ ಬಟ್ಟಲನ್ನು, ಮಳೆನೀರು ಬೀಳದ ಕಡೆ, ಹೊಸದಾಗಿ ತುಂಬಬೇಕು. ರಾತ್ರಿ ಗೂಡಿನಲ್ಲಿ ನೀರಿಡಲು ಸಾಧ್ಯವಿಲ್ಲದಿದ್ದರೆ ಮೇವನ್ನೂ ಇಡಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಗದ್ದೆಯಲ್ಲಿ ಬಸವನಹುಳು ಮಾಡುತ್ತಿದ್ದ ಕೆಲಸವನ್ನು ಹಿತ್ತಲಿನಲ್ಲಿ ಒಂದು ಸಣ್ಣ ಬಟ್ಟಲು ಮಾಡಬೇಕಾಗಿದೆ. ಅದಕ್ಕೆ ದುಬಾರಿ ಔಷಧ ಬೇಕಿಲ್ಲ. ಮೊಟ್ಟೆಯಿಡುವ ಬಾತಿಗೆ ಅದು ಸದಾ ಕೈಗೆಟಕುವಂತಿರಬೇಕು, ಮರಿಯ ಮೇವಿನಲ್ಲಿ ಬೆರೆಯದಂತಿರಬೇಕು. ಉಳಿದ ಲೆಕ್ಕವನ್ನು ಬಾತು ತಾನೇ ನೋಡಿಕೊಳ್ಳುತ್ತದೆ.